ಬಣ್ಣದ ಮೀನುಗಳ ಸಂತಾನವೃದ್ಧಿಗೆ ನೀರನ್ನು ಹದಗೊಳಿಸುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರರೊಬ್ಬರಿಂದ, ಎಲ್.ಎಜಿ.)

ಗಾಜಿನ ತೊಟ್ಟಿಗಳಲ್ಲಿ ಅಲಂಕಾರಕ್ಕಾಗಿ ಸಾಕುವ ಸಣ್ಣ ಜಾತಿಯ ಬಣ್ಣದ ಮೀನುಗಳಿಗೆ ಬೆಂಗಳೂರು ನಗರದಲ್ಲಿ ಸಾಕಷ್ಟು ಗಿರಾಕಿಯುಂಟು. ಈ ಮೀನುಗಳಲ್ಲಿ ಬಹುಭಾಗವು ಚೆನ್ನೈ ನಗರದ ಕೊಳತ್ತೂರು ಮುಂತಾದ ಸ್ಥಳಗಳಿಂದ ಬರುತ್ತಿರುವುದು. ಇವುಗಳನ್ನು ನಮ್ಮಲ್ಲಿಯೇ ಮರಿ ಮಾಡಿಸಿ ಬೆಳೆಸಿದರೆ, ಜಮೀನೆಲ್ಲವೂ ಬಡಾವಣೆಗಳಿಗೆ ಹೋಗಿ ಮನೆಯ ಹಿತ್ತಲು ಮಾತ್ರ ಉಳಿದಿರುವ ಹಿಡುವಳಿದಾರರಿಗೂ ಒಂದು ಉಪವೃತ್ತಿಯು ದೊರೆಯುವುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಬಣ್ಣದ ಮೀನು ಸಾಕಣೆಗೂ ಸಹಾಯಧನವನ್ನು ಏರ್ಪಡಿಸಿದುದು ಈ ಕಾರಣದಿಂದಲೇ.

ಆದರೆ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅನೇಕರು ಮೊದಲ ವರ್ಷದಲ್ಲಿಯೇ ಅದನ್ನು ಬಿಟ್ಟುಬಿಡುವರು. ತಾಯಿಮೀನುಗಳು ಆರೋಗ್ಯವಾಗಿರುತ್ತವೆ, ಮೇವು ತಿನ್ನುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಆದರೆ ಎರಡನೆಯ ದಿನವೇ ಮೊಟ್ಟೆಗಳು ಬಿಳುಪಾಗಿ ಬೂಷ್ಟು ಹಿಡಿದು ಹೋಗುತ್ತವೆ. ಇದನ್ನು ರೋಗವೆಂದು ಭಾವಿಸಿ ಔಷಧಗಳಿಗೆ ಹಣವನ್ನು ಖರ್ಚು ಮಾಡುವರು. ಇಲ್ಲವೆ ಮೀನು ಮಾರಿದವನು ಮೋಸಮಾಡಿದನೆಂದು ದೂರುವರು. ಹೀಗಾಗುವುದಕ್ಕೆ ಬಹಳಮಟ್ಟಿಗೆ ನೀರೇ ಕಾರಣವು. ಬಿತ್ತನೆಗೆ ಮುಂಚೆ ಭೂಮಿಯ ಗುಣವನ್ನು ತಿಳಿಯದೆ ಬೀಜವನ್ನು ಹಾಕುವ ರೈತನಿಗೂ, ನೀರಿನ ಗುಣವನ್ನು ತಿಳಿಯದೆ ಮೀನನ್ನು ಕೊಳ್ಳುವವನಿಗೂ ವ್ಯತ್ಯಾಸವಿಲ್ಲ. ಆದುದರಿಂದ ಮೊದಲು ನೀರನ್ನು ಅಳೆಯುವುದು, ಆ ನೀರಿಗೆ ಒಗ್ಗುವ ಮೀನನ್ನು ಆರಿಸುವುದು, ಅವಶ್ಯವಿದ್ದರೆ ಮಾತ್ರ ನೀರನ್ನು ಹದಗೊಳಿಸುವುದು, ಈ ಮೂರನ್ನು ಇದೇ ಕ್ರಮದಲ್ಲಿ ಅನುಸರಿಸಬೇಕೆಂಬುದು ಈ ಲೇಖನದ ತಾತ್ಪರ್ಯವು.

1. ಲಗ್ಗೆರೆಯ ಸುತ್ತಿನ ನೀರು

ಉದಾಹರಣೆಗೆ ಲಗ್ಗೆರೆಯನ್ನೇ ತೆಗೆದುಕೊಳ್ಳಬಹುದು. ಒಂದು ಕಾಲದಲ್ಲಿ ಹೊಲಗದ್ದೆಗಳಿಂದ ಕೂಡಿದ್ದ ಈ ಗ್ರಾಮವು ಈಗ ಬೆಂಗಳೂರು ನಗರದ ಮೇರೆಯೊಳಗೆ ಸೇರಿದೆ. ಅದರ ಮಗ್ಗುಲಲ್ಲಿ 1970ರ ದಶಕದಿಂದ ಬೆಳೆದ ಪೀಣ್ಯದ ಕೈಗಾರಿಕಾ ಪ್ರದೇಶವಿದೆ. ಈ ಭಾಗದಲ್ಲಿ ದೊರೆಯುವ ನೀರು ಮೂರು ವಿಧವಾದುದು: ಕೊಳವೆ ಬಾವಿಯ ನೀರು, ಕಾವೇರಿಯ ನಲ್ಲಿ ನೀರು, ಮಳೆಯ ನೀರು. ಈ ಮೂರೂ ಗುಣದಲ್ಲಿ ಒಂದಕ್ಕೊಂದು ಬೇರೆ.

ಬೆಂಗಳೂರಿನ ಸುತ್ತಿನ ನೆಲವು ಕಗ್ಗಲ್ಲು ಮತ್ತು ನೈಸ್ ಎಂಬ ಪಟ್ಟೆಕಲ್ಲುಗಳಿಂದಾದುದು. ಮಳೆಯ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಬಂಡೆಯ ಬಿರುಕುಗಳಲ್ಲಿ ನಿಲ್ಲುತ್ತದೆ. ಅಲ್ಲಿ ಅದು ಕಲ್ಲಿನಲ್ಲಿರುವ ಸುಣ್ಣಾಂಶ, ಮೆಗ್ನೀಷಿಯಂ ಮುಂತಾದ ಲವಣಗಳನ್ನು ಮೆಲ್ಲಮೆಲ್ಲನೆ ಕರಗಿಸಿಕೊಳ್ಳುವುದು. ನೀರು ಬಂಡೆಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದರಲ್ಲಿ ಲವಣಗಳು ಹೆಚ್ಚುವುವು. ಕೊಳವೆ ಬಾವಿಯ ನೀರಿನಲ್ಲಿ ಬೇಳೆ ಬೇಗನೆ ಬೇಯದಿರುವುದು, ಸೋಪು ನೊರೆ ಬಾರದಿರುವುದು, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರವು ಕಟ್ಟುವುದು, ಇವೆಲ್ಲವೂ ಗಡಸುತನದ ಲಕ್ಷಣಗಳೇ. ಇವುಗಳನ್ನು ಮನೆಯ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು.

ನಲ್ಲಿಯ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಬರುವ ಕಾವೇರಿಯ ನೀರು. ಹೊಳೆಯ ನೀರಾದುದರಿಂದ ಇದು ಸಾಮಾನ್ಯವಾಗಿ ಕೊಳವೆ ಬಾವಿಯ ನೀರಿಗಿಂತ ಮೆದುವಾಗಿರುವುದು. ಆದರೆ ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ಅದಕ್ಕೆ ಕ್ಲೋರಿನ್ ಸೇರಿಸಿರುತ್ತಾರೆ. ಮೂರನೆಯದಾದ ಮಳೆಯ ನೀರಿನಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಹದಗೊಳಿಸುವ ಕೆಲಸಕ್ಕೆ ಇದಕ್ಕಿಂತ ಅಗ್ಗವಾದ ಪದಾರ್ಥವು ಬೇರೊಂದಿಲ್ಲ.

2. ನೀರಿನಲ್ಲಿ ಅಳೆಯಬೇಕಾದ ಗುಣಗಳು

ಮೊದಲನೆಯದು ಗಡಸುತನ. ನೀರಿನಲ್ಲಿ ಕರಗಿರುವ ಸುಣ್ಣಾಂಶ ಮತ್ತು ಮೆಗ್ನೀಷಿಯಂಗಳ ಪ್ರಮಾಣವೇ ಗಡಸುತನವು. ಇದನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವರು. ಮೀನು ಸಾಕುವವರ ಪುಸ್ತಕಗಳಲ್ಲಿ ಜರ್ಮನ್ ಡಿಗ್ರಿ ಎಂಬ ಲೆಕ್ಕವೂ ಕಂಡುಬರುವುದು; ಒಂದು ಡಿಗ್ರಿಯು ಸುಮಾರು 18 ಮಿಲಿಗ್ರಾಂಗೆ ಸಮವು. ಕುಡಿಯುವ ನೀರಿಗೆ ಭಾರತೀಯ ಮಾನಕವು 200 ಮಿಲಿಗ್ರಾಂ ಗಡಸುತನವನ್ನು ಒಪ್ಪತಕ್ಕದ್ದೆಂದೂ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಗೊತ್ತುಮಾಡಿದೆ. ಮನುಷ್ಯನು ಕುಡಿಯಬಹುದಾದ ನೀರೆಲ್ಲವೂ ಮೀನಿನ ಮೊಟ್ಟೆಗೆ ಒಗ್ಗುವುದೆಂದು ಇದರಿಂದ ತಿಳಿಯಬಾರದು.

ಎರಡನೆಯದು ಕ್ಷಾರತೆ. ಇದು ನೀರಿನಲ್ಲಿರುವ ಬೈಕಾರ್ಬೊನೇಟು ಮುಂತಾದವುಗಳ ಪ್ರಮಾಣವು. ಆಮ್ಲವು ಸೇರಿದರೂ ನೀರಿನ ಗುಣವು ಒಮ್ಮೆಲೇ ಬದಲಾಗದಂತೆ ತಡೆಯುವುದು ಇದರ ಕೆಲಸ. ಕೆರೆಯ ಏರಿಯು ನೀರನ್ನು ಹಿಡಿದಿಡುವಂತೆ ಕ್ಷಾರತೆಯು ನೀರಿನ ಹದವನ್ನು ಹಿಡಿದಿಡುವುದೆಂದು ಹೇಳಬಹುದು.

ಮೂರನೆಯದು ಪಿ.ಎಚ್. ಅಂಕ. 7 ಎಂಬುದು ಸಮಸ್ಥಿತಿ. ಅದಕ್ಕೆ ಕೆಳಗೆ ಆಮ್ಲಗುಣ, ಮೇಲೆ ಕ್ಷಾರಗುಣ. ಈ ಅಂಕದಲ್ಲಿ ಒಂದರ ವ್ಯತ್ಯಾಸವೆಂದರೆ ಹತ್ತರಷ್ಟು ವ್ಯತ್ಯಾಸವೆಂಬುದನ್ನು ಮರೆಯಬಾರದು. ಕೊಳವೆ ಬಾವಿಯಿಂದ ಆಗತಾನೇ ಬಂದ ನೀರಿನಲ್ಲಿ ಇಂಗಾಲಾಮ್ಲವು ತುಂಬಿರುವುದರಿಂದ ಅದರ ಅಂಕವು ನಿಜಕ್ಕಿಂತ ಕಡಿಮೆಯಾಗಿ ತೋರುವುದುಂಟು. ಅದೇ ನೀರನ್ನು ಒಂದು ದಿನ ಗಾಳಿಯಾಡಿಸಿ ಪುನಃ ಅಳೆದರೆ ಅಂಕವು ಮೇಲಕ್ಕೇರಿರುವುದು. ಅಲ್ಲದೆ ನೆಲದ ಆಳದ ನೀರಿನಲ್ಲಿ ಪ್ರಾಣವಾಯುವೂ ಸಾಲದು. ಆದಕಾರಣ ಯಾವ ನೀರನ್ನಾದರೂ 24 ಗಂಟೆಗಳ ಕಾಲ ಗಾಳಿಯಾಡಿಸಿದ ನಂತರವೇ ಅಳೆಯತಕ್ಕದ್ದು.

ಇವುಗಳನ್ನು ಅಳೆಯುವ ತೊಟ್ಟು ಔಷಧಗಳ ಪೆಟ್ಟಿಗೆಯು ಮೀನಿನ ಅಂಗಡಿಗಳಲ್ಲಿ ದೊರೆಯುವುದು. ಕರಗಿರುವ ಒಟ್ಟು ಲವಣಗಳನ್ನು ತೋರಿಸುವ ಸಣ್ಣ ವಿದ್ಯುತ್ ಮಾಪಕವೂ ಉಪಯುಕ್ತವೇ. ಆದರೆ ಅದು ಲವಣವೆಷ್ಟು ಎಂಬುದನ್ನು ಹೇಳುವುದೇ ಹೊರತು ಯಾವ ಲವಣ ಎಂಬುದನ್ನು ಹೇಳುವುದಿಲ್ಲ.

3. ಮೊಟ್ಟೆಗೂ ನೀರಿಗೂ ಇರುವ ಸಂಬಂಧ

ಬೆಳೆದ ಮೀನು ಸಹಿಸುವ ನೀರನ್ನು ಮೊಟ್ಟೆಯು ಏಕೆ ಸಹಿಸಲಾರದೆಂಬುದನ್ನು ಇಲ್ಲಿ ವಿವರಿಸುವುದು ಅವಶ್ಯವು. ಹೆಣ್ಣುಮೀನು ಮೊಟ್ಟೆಯನ್ನು ಬಿಟ್ಟೊಡನೆ ಗಂಡುಮೀನು ತನ್ನ ವೀರ್ಯವನ್ನು ನೀರಿನಲ್ಲಿ ಬಿಡುವುದು. ಗಂಡಿನ ಶರೀರದಲ್ಲಿ ಈ ರೇತಃಕಣಗಳು ನಿಶ್ಚಲವಾಗಿರುತ್ತವೆ; ಲವಣ ಕಡಿಮೆಯಾದ ಸಿಹಿನೀರು ತಗುಲಿದೊಡನೆ ಅವುಗಳಿಗೆ ಚಲನೆಯುಂಟಾಗುತ್ತದೆ. ಸಿಹಿನೀರಿನ ಬಹುತೇಕ ಜಾತಿಗಳಲ್ಲಿ ಈ ಚಲನೆಯು ಒಂದೆರಡು ನಿಮಿಷಕ್ಕಿಂತ ಹೆಚ್ಚು ಕಾಲ ಇರಲಾರದು. ಆ ಸ್ವಲ್ಪ ಸಮಯದಲ್ಲಿ ಕಣವು ಮೊಟ್ಟೆಯ ಚಿಪ್ಪಿನ ಮೇಲಿರುವ ಒಂದೇ ಸೂಕ್ಷ್ಮ ರಂಧ್ರವನ್ನು ಸೇರಬೇಕು. ಬಳಿಕ ಮೊಟ್ಟೆಯು ನೀರನ್ನು ಹೀರಿ ಉಬ್ಬಿ, ಅದರ ಹೊರಚರ್ಮವು ಬಲಿಯುವುದು. ನೀರಿನಲ್ಲಿರುವ ಲವಣಗಳೂ ಸುಣ್ಣಾಂಶವೂ ಈ ಎಲ್ಲ ಕೆಲಸಗಳಲ್ಲಿಯೂ ಭಾಗವಹಿಸುವುವು. ಸುಣ್ಣಾಂಶವೇ ಇಲ್ಲದಂತಹ ನೀರಿನಲ್ಲಿ ಸಾವಿರಾರು ವರ್ಷಗಳಿಂದ ಬಾಳಿಬಂದ ಅಮೆಜಾನ್ ನದಿಯ ಜಾತಿಗಳ ಮೊಟ್ಟೆಯನ್ನು ನಮ್ಮ ಗಡಸು ನೀರಿಗೆ ಹಾಕಿದರೆ ಅದು ಫಲಿಸದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಕ್ಷಿಯುಂಟು. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಹೊಸನೀರು ಹರಿದುಬಂದಾಗ ಗೆಂಡೆ ಮೊದಲಾದ ಮೀನುಗಳು ಕಾಲುವೆಗಳನ್ನೂ ಗದ್ದೆಗಳನ್ನೂ ಏರಿ ಮೊಟ್ಟೆಯಿಡುವುದನ್ನು ಮಲೆನಾಡಿನ ರೈತರೆಲ್ಲರೂ ಬಲ್ಲರು. ಹತ್ತುಮೀನೆಂದು ಕರೆಯುವುದು ಇದನ್ನೇ. ಬೇಸಗೆಯಲ್ಲಿ ಬತ್ತಿ ಲವಣವು ಹೆಚ್ಚಿದ್ದ ನೀರಿಗೆ ಮಳೆಯ ಮೆದು ನೀರು ಸೇರಿ, ತಂಪಾಗಿ, ಪ್ರಾಣವಾಯುವು ಹೆಚ್ಚಿದಾಗ ಮೀನಿಗೆ ಸಂತಾನಕಾಲವು ಬಂದಿತೆಂಬ ಸೂಚನೆಯು ದೊರೆಯುವುದು. ತೊಟ್ಟಿಯಲ್ಲಿ ನೀರನ್ನು ಹದಗೊಳಿಸುವವನು ಮಾಡುವುದು ಈ ಹೊಸಮಳೆಯ ಅನುಕರಣೆಯೇ ಹೊರತು ಬೇರೆಯಲ್ಲ.

4. ನೀರಿಗೆ ತಕ್ಕ ಮೀನನ್ನು ಆರಿಸುವುದು

ಗಡಸು ನೀರು ಕೆಟ್ಟ ನೀರೆಂಬ ಭಾವನೆಯನ್ನು ಮೊದಲು ಬಿಡಬೇಕು. ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲದ ಮೀನು ಇವುಗಳಿಗೆ ಗಡಸು ನೀರೇ ಹಿತವು. ಇವುಗಳನ್ನು ಬರೀ ಮಳೆಯ ನೀರಿನಲ್ಲಿ ಸಾಕಿದರೆ ರೆಕ್ಕೆಗಳನ್ನು ಮುದುರಿಕೊಂಡು ನಿಂತಲ್ಲಿಯೇ ತೂಗಾಡುತ್ತ ಕ್ಷೀಣಿಸುವುವು. ಬೇರೆ ಬೇರೆ ಜಾತಿಗಳನ್ನು ಮರಿ ಮಾಡಿಸಲು ಅನುಕೂಲವಾದ ನೀರಿನ ಸುಮಾರು ಪ್ರಮಾಣವನ್ನು ಈ ಕೆಳಗೆ ಕೊಟ್ಟಿದೆ. ಗಡಸುತನವು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿದೆ.

ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ: ಗಡಸುತನ 180ರಿಂದ 350, ಪಿ.ಎಚ್. 7.2ರಿಂದ 8.2.
ಚಿನ್ನದ ಮೀನು, ಕೋಯಿ: ಗಡಸುತನ 100ರಿಂದ 250, ಪಿ.ಎಚ್. 7ರಿಂದ 8.
ಪಟ್ಟೆ ಡೇನಿಯೊ, ಸಣ್ಣ ಗೆಂಡೆ ಜಾತಿಗಳು, ಕಾಳಗದ ಮೀನು, ಗೊರಾಮಿ: ಗಡಸುತನ 60ರಿಂದ 150, ಪಿ.ಎಚ್. 6.5ರಿಂದ 7.5.
ಏಂಜಲ್ ಮೀನು: ಗಡಸುತನ 50ರಿಂದ 100, ಪಿ.ಎಚ್. 6.5ರಿಂದ 7.
ಡಿಸ್ಕಸ್, ನಿಯಾನ್ ಟೆಟ್ರಾ: ಗಡಸುತನ 40ಕ್ಕಿಂತ ಕಡಿಮೆ, ಪಿ.ಎಚ್. 5.5ರಿಂದ 6.5.

ಈ ಪಟ್ಟಿಯಿಂದ ಕಾಣುವಂತೆ, ಕೊಳವೆ ಬಾವಿಯ ನೀರು ಶುದ್ಧವಾಗಿದ್ದು ಗಡಸುತನವು 300ರ ಸುಮಾರಿನಲ್ಲಿದ್ದರೆ, ಏನನ್ನೂ ಸೇರಿಸದೆ ಮೊದಲನೆಯ ಗುಂಪಿನ ಮೀನುಗಳನ್ನು ಬೆಳೆಸಬಹುದು. ಹೊಸಬರು ಇವುಗಳಿಂದಲೇ ಆರಂಭಿಸುವುದು ಲೇಸು. ಡಿಸ್ಕಸಿನ ಬೆಲೆಯನ್ನು ಕೇಳಿ ಅದನ್ನೇ ಮೊದಲು ಕೊಳ್ಳುವವನು, ಎರೆಭೂಮಿಯ ಬೆಳೆಯನ್ನು ಕಂಡು ಆಸೆಪಟ್ಟು ಕೆಂಪುಮಣ್ಣಿನಲ್ಲಿ ಅದನ್ನೇ ಬಿತ್ತಿದವನಂತೆ ನಷ್ಟಪಡುವನು.

5. ಮಳೆಯ ನೀರನ್ನು ಶೇಖರಿಸುವುದು

ಗಡಸುತನವನ್ನು ತಗ್ಗಿಸುವುದಕ್ಕೆ ಮಳೆಯ ನೀರನ್ನು ಬೆರೆಸುವುದೇ ಸುಲಭೋಪಾಯವು. 100 ಚದರ ಮೀಟರು ತಾರಸಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ 100 ಲೀಟರು ನೀರಾಗುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುವುದರಿಂದ, ಐದನೆಯ ಒಂದು ಭಾಗವು ನಷ್ಟವಾಯಿತೆಂದು ಕಳೆದರೂ ಇಂತಹ ಒಂದು ತಾರಸಿಯಿಂದ ಸುಮಾರು 77,000 ಲೀಟರು ದೊರೆಯಬೇಕು. ದಿನಕ್ಕೆ 50 ಲೀಟರು ಮಳೆನೀರು ಬೇಕಾದವನು, ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣಕಾಲದ ನಾಲ್ಕು ತಿಂಗಳಿಗಾಗಿ 6,000 ಲೀಟರಿನ ತೊಟ್ಟಿಯೊಂದನ್ನು ತುಂಬಿಸಿಟ್ಟುಕೊಂಡರೆ ಸಾಕು. 2009ರಿಂದ ಬೆಂಗಳೂರಿನಲ್ಲಿ ಮಳೆನೀರಿನ ಕೊಯಿಲನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿದ್ದರಿಂದ ಅನೇಕ ಮನೆಗಳಲ್ಲಿ ಕೊಳವೆಗಳ ಏರ್ಪಾಡು ಆಗಲೇ ಇರುವುದು.

ಇದರಲ್ಲಿ ನಾಲ್ಕು ಎಚ್ಚರಿಕೆಗಳನ್ನು ವಹಿಸತಕ್ಕದ್ದು. (ಅ) ಬೇಸಗೆಯ ನಂತರದ ಮೊದಲ ಒಂದೆರಡು ಮಳೆಯನ್ನು ಪೂರ್ತಿಯಾಗಿ ಹೊರಕ್ಕೆ ಬಿಡಬೇಕು. ಕಾರ್ಖಾನೆಗಳ ಹೊಗೆ, ಧೂಳು, ಹಕ್ಕಿಗಳ ಹಿಕ್ಕೆ ಎಲ್ಲವೂ ಅದರಲ್ಲಿರುವುವು. ಆಮೇಲೂ ಪ್ರತಿಯೊಂದು ಮಳೆಯ ಮೊದಲ ಹತ್ತು ನಿಮಿಷಗಳ ನೀರನ್ನು ಬಿಟ್ಟುಬಿಡುವುದು ಒಳ್ಳೆಯದು. (ಆ) ಸತುವಿನ ಲೇಪವುಳ್ಳ ತಗಡಿನ ಮಾಡಿನಿಂದ ಇಳಿದ ನೀರನ್ನು ಉಪಯೋಗಿಸಕೂಡದು. ಮೆದು ನೀರಿನಲ್ಲಿ ಸತುವು ಕರಗುವುದು, ಮತ್ತು ಅದೇ ಮೆದು ನೀರಿನಲ್ಲಿ ಅದರ ವಿಷವು ಮರಿಗಳಿಗೆ ಹೆಚ್ಚಾಗಿ ತಗಲುವುದು. ತಾಮ್ರದ ಹಂಡೆಯೂ ಹಾಗೆಯೇ ವರ್ಜ್ಯವು. (ಇ) ಹೊಸ ಸಿಮೆಂಟಿನ ತೊಟ್ಟಿಯಿಂದ ಸುಣ್ಣವು ಬಿಡುವುದು. ಎರಡು ಮೂರು ವಾರಗಳವರೆಗೆ ನೀರು ತುಂಬಿ ಚೆಲ್ಲುತ್ತಿದ್ದು, ನಿಂತ ನೀರಿನ ಪಿ.ಎಚ್. ಅಂಕವು ಏರದಿರುವುದನ್ನು ಕಂಡ ಮೇಲೆ ಅದನ್ನು ಬಳಸಬೇಕು. (ಈ) ತೊಟ್ಟಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡಬೇಕು.

6. ಬೆರೆಸುವ ಲೆಕ್ಕ

ಗಡಸುತನವೂ ಕ್ಷಾರತೆಯೂ ಸೇರಿಸಿದ ನೀರಿನ ಪ್ರಮಾಣಕ್ಕೆ ಸರಿಯಾಗಿ ಇಳಿಯುವುವು; ಆದುದರಿಂದ ಲೆಕ್ಕವು ಸುಲಭವು. ಬೇಕಾದ ಗಡಸುತನವನ್ನು ಬಾವಿಯ ನೀರಿನ ಗಡಸುತನದಿಂದ ಭಾಗಿಸಿದರೆ, ಒಟ್ಟು ನೀರಿನಲ್ಲಿ ಬಾವಿಯ ನೀರಿನ ಪಾಲು ದೊರೆಯುವುದು. ಉದಾಹರಣೆಗೆ, ಬಾವಿಯ ನೀರಿನ ಗಡಸುತನವು 360, ಕ್ಷಾರತೆಯು 300 ಎಂದಿಟ್ಟುಕೊಳ್ಳೋಣ. ಏಂಜಲ್ ಮೀನಿಗಾಗಿ 90 ಬೇಕಾಗಿದೆ. 90ನ್ನು 360ರಿಂದ ಭಾಗಿಸಿದರೆ ಕಾಲು ಭಾಗವಾಯಿತು. ಎಂದರೆ 400 ಲೀಟರಿನ ತೊಟ್ಟಿಗೆ 100 ಲೀಟರು ಬಾವಿಯ ನೀರು, 300 ಲೀಟರು ಮಳೆಯ ನೀರು. ಆಗ ಕ್ಷಾರತೆಯೂ 75ಕ್ಕೆ ಇಳಿಯುವುದು.

ಆದರೆ ಪಿ.ಎಚ್. ಅಂಕಕ್ಕೆ ಈ ಲೆಕ್ಕವು ಅನ್ವಯಿಸುವುದಿಲ್ಲ. ಅಂಕವು 8 ಆಗಿರುವ ನೀರಿಗೆ 6 ಆಗಿರುವ ಮಳೆನೀರನ್ನು ಸಮಭಾಗ ಸೇರಿಸಿದರೆ 7 ಆಗುವುದೆಂದು ತಿಳಿಯುವುದು ತಪ್ಪು. ಮಳೆಯ ನೀರಿನಲ್ಲಿ ಕ್ಷಾರತೆಯಿಲ್ಲದಿರುವುದರಿಂದ ಅದರ ಅಂಕಕ್ಕೆ ಬಲವಿಲ್ಲ. ಬಾವಿಯ ನೀರೇ ಗೆಲ್ಲುವುದು. ಬೆರೆಸಿ, ಒಂದು ದಿನ ಗಾಳಿಯಾಡಿಸಿ, ಅನಂತರ ಅಳೆದೇ ತಿಳಿಯಬೇಕು. ಇನ್ನೂ ಸ್ವಲ್ಪ ಆಮ್ಲಗುಣವು ಬೇಕಾದರೆ, ರಸ್ತೆಯ ಬದಿಗಳಲ್ಲಿ ಬೆಳೆಯುವ ಕಾಡು ಬಾದಾಮಿ ಮರದ ಒಣಗಿ ಉದುರಿದ ಎಲೆಗಳನ್ನು ತೊಳೆದು ನೀರಿಗೆ ಹಾಕಬಹುದು. ಅವುಗಳ ಒಗರಿನ ರಸವು ನೀರಿಗೆ ಚಹದ ಬಣ್ಣವನ್ನೂ ಮಂದವಾದ ಆಮ್ಲಗುಣವನ್ನೂ ಕೊಡುವುದು. ಆದರೆ ಇದು ಕೆಲಸ ಮಾಡುವುದು ಮೊದಲೇ ಮೆದುವಾದ ನೀರಿನಲ್ಲಿ ಮಾತ್ರ. ಗಡಸು ನೀರಿಗೆ ಎಷ್ಟು ಎಲೆ ಹಾಕಿದರೂ ಬಣ್ಣವು ಬರುವುದೇ ಹೊರತು ಗುಣವು ಬದಲಾಗದು.

ಇದಕ್ಕೆ ವಿರುದ್ಧವಾಗಿ, ಮೆದು ನೀರು ಮಾತ್ರ ದೊರೆಯುವ ಸ್ಥಳದಲ್ಲಿ ಗಪ್ಪಿ, ಮೋಲಿಗಳನ್ನು ಬೆಳೆಸಬೇಕಾದರೆ, ಸುಣ್ಣಕಲ್ಲಿನ ಚೂರುಗಳನ್ನೋ ತೊಳೆದ ಕಪ್ಪೆಚಿಪ್ಪುಗಳನ್ನೋ ಬಟ್ಟೆಯ ಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಡಬೇಕು. ಸುಟ್ಟ ಸುಣ್ಣವನ್ನು ಎಂದಿಗೂ ಹಾಕಕೂಡದು, ಅದರಿಂದ ಪಿ.ಎಚ್. ಅಂಕವು ಒಮ್ಮೆಲೇ ಏರಿ ಮೀನುಗಳು ಸಾಯುವುವು.

7. ತಪ್ಪು ತಿಳಿವಳಿಕೆಯಿಂದ ಮಾಡುವ ಉಪಾಯಗಳು

ಆಮ್ಲವನ್ನು ಸುರಿಯುವುದು: ಪಿ.ಎಚ್. ಅಂಕವನ್ನು ಇಳಿಸಲು ಗಡಸು ನೀರಿಗೆ ಆಮ್ಲವನ್ನು ಹಾಕುವ ಪದ್ಧತಿಯುಂಟು. ಆಮ್ಲವು ಕ್ಷಾರತೆಯನ್ನು ತಿಂದು ಇಂಗಾಲಾಮ್ಲವನ್ನು ಹುಟ್ಟಿಸುವುದು. ಅಂಕವು ಇಳಿದಂತೆ ಕಂಡು, ಆ ಅನಿಲವು ಗಾಳಿಗೆ ಹೋದೊಡನೆ ಪುನಃ ಏರುವುದು. ಯಜಮಾನನು ಮತ್ತಷ್ಟು ಆಮ್ಲವನ್ನು ಹಾಕುವನು. ಕೊನೆಗೊಂದು ದಿನ ಕ್ಷಾರತೆಯು ಪೂರ್ತಿಯಾಗಿ ಮುಗಿದು ಅಂಕವು ಒಂದೇ ರಾತ್ರಿಯಲ್ಲಿ ಕುಸಿಯುವುದು. ಇಷ್ಟಾದರೂ ಸುಣ್ಣಾಂಶವು ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

ಉಪ್ಪಿನಿಂದ ನಡೆಯುವ ಮೆದುಗೊಳಿಸುವ ಯಂತ್ರ: ಮನೆಗಳಲ್ಲಿ ಬಟ್ಟೆ ಒಗೆಯುವುದಕ್ಕಾಗಿ ಇಡುವ ಈ ಯಂತ್ರವು ಸುಣ್ಣಾಂಶವನ್ನು ತೆಗೆದುಕೊಂಡು ಅದರ ಬದಲಿಗೆ ಸೋಡಿಯಮನ್ನು ಬಿಡುವುದು. ಸೋಪಿಗೆ ನೊರೆಯು ಬರುವುದು ನಿಜ. ಆದರೆ ಒಟ್ಟು ಲವಣವೂ ಕ್ಷಾರತೆಯೂ ಇದ್ದಷ್ಟೇ ಇರುವುವು. ಮೀನಿನ ಮೊಟ್ಟೆಗೆ ಇದರಿಂದ ಪ್ರಯೋಜನವಿಲ್ಲ.

ನೀರನ್ನು ಕುದಿಸುವುದು: ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದರೆ ಗಡಸುತನದ ಒಂದು ಭಾಗವು ಪದರವಾಗಿ ಕೆಳಗೆ ನಿಲ್ಲುವುದು. ಆದರೆ ಉಳಿದ ಭಾಗವು ಹೋಗುವುದಿಲ್ಲ. ಸೌದೆಯ ಖರ್ಚೂ ಹೆಚ್ಚು.

ಆರ್.ಓ. ಯಂತ್ರ: ಮಳೆನೀರಿಲ್ಲದ ಕಾಲಕ್ಕೆ ಇದರಿಂದ ತೆಗೆದ ನೀರು ಮಳೆನೀರಿನಂತೆಯೇ ಬೆರಕೆಗೆ ಉಪಯೋಗವಾಗುವುದು. ಆದರೆ ಮನೆಯ ಸಣ್ಣ ಯಂತ್ರಗಳು ಒಂದು ಪಾಲು ಶುದ್ಧ ನೀರಿಗೆ ಎರಡು ಮೂರು ಪಾಲು ನೀರನ್ನು ಹೊರಕ್ಕೆ ಚೆಲ್ಲುವುವು, ಮತ್ತು ಆ ನೀರು ಮೊದಲಿಗಿಂತ ಗಡಸಾಗಿರುವುದು. ಅದನ್ನು ನೆಲ ತೊಳೆಯಲು ಬಳಸಬಹುದು. ತರಕಾರಿಯ ಮಡಿಗಳಿಗೆ ದಿನಂಪ್ರತಿ ಹಾಯಿಸಿದರೆ ಮಣ್ಣಿನಲ್ಲಿ ಲವಣವು ಕೂಡಿಕೊಳ್ಳುವುದು.

8. ಹದವನ್ನು ಕಾಪಾಡುವುದು

ನೀರಿನ ಅಂಕವು ಪುಸ್ತಕದಲ್ಲಿರುವುದಕ್ಕೆ ಸರಿಯಾಗಿರುವುದಕ್ಕಿಂತ, ದಿನದಿಂದ ದಿನಕ್ಕೆ ಒಂದೇ ಸಮನಾಗಿರುವುದು ಮುಖ್ಯವು. ಇದಕ್ಕೆ ಬೇಕಾದ ಕ್ರಮಗಳು ಹೀಗಿವೆ.

ನೀರನ್ನು ಯಾವಾಗಲೂ ಪ್ರತ್ಯೇಕ ತೊಟ್ಟಿಯಲ್ಲಿ ಬೆರೆಸಿ ಹದಗೊಳಿಸಬೇಕೇ ಹೊರತು ಮೀನುಗಳಿರುವ ತೊಟ್ಟಿಯಲ್ಲಲ್ಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದ ಹಳೆಯ ನೀರನ್ನು ತೆಗೆದು, ಅದೇ ಹದದ ಹೊಸ ನೀರನ್ನು ಹಾಕಬೇಕು. ತೆಗೆದ ನೀರು ತೆಂಗಿಗೂ ಹೂಗಿಡಗಳಿಗೂ ಗೊಬ್ಬರದ ನೀರಾಗುವುದು. ಆವಿಯಾಗಿ ತಗ್ಗಿದ ನೀರಿಗೆ ಬದಲಾಗಿ ಮಳೆಯ ನೀರನ್ನು ಮಾತ್ರ ಹಾಕಬೇಕು. ಏಕೆಂದರೆ ನೀರು ಆವಿಯಾದಾಗ ಲವಣವು ಹೋಗುವುದಿಲ್ಲ. ಬಾವಿಯ ನೀರನ್ನೇ ಮತ್ತೆ ಮತ್ತೆ ತುಂಬುತ್ತ ಹೋದರೆ ತೊಟ್ಟಿಯು ತಿಂಗಳಿಂದ ತಿಂಗಳಿಗೆ ಗಡಸಾಗುವುದು.

ಮೀನಿನ ಮಲಮೂತ್ರಗಳಿಂದಲೂ ಉಳಿದ ಮೇವಿನಿಂದಲೂ ಅಮೋನಿಯವು ಹುಟ್ಟುವುದು. ಇದರಲ್ಲಿ ವಿಷಕರವಾದ ರೂಪವು ಪಿ.ಎಚ್. ಅಂಕದೊಡನೆ ಹೆಚ್ಚುವುದು. 25 ಡಿಗ್ರಿ ಉಷ್ಣದಲ್ಲಿ ಅಂಕವು 7 ಇದ್ದರೆ ಅಮೋನಿಯದ ನೂರರಲ್ಲಿ ಒಂದು ಭಾಗವೂ ವಿಷರೂಪದಲ್ಲಿರುವುದಿಲ್ಲ. 8 ಇದ್ದರೆ ಸುಮಾರು 5 ಭಾಗ, 9 ಇದ್ದರೆ ಸುಮಾರು 36 ಭಾಗವು ಹಾಗಿರುವುದು. ಆದುದರಿಂದ ಗಡಸು ನೀರಿನ ಸಾಕಣೆಯಲ್ಲಿ ಮೇವನ್ನು ಹೆಚ್ಚಾಗಿ ಹಾಕುವುದು ಅಪಾಯಕರವು. ಮೆದು ನೀರಿನಲ್ಲಿರುವ ಅಪಾಯವು ಬೇರೆ. ಸೋಸು ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳು ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಸುಮಾರು 7 ಗ್ರಾಂ ಕ್ಷಾರತೆಯು ವ್ಯಯವಾಗುವುದು. ಕ್ಷಾರತೆಯು ಮೊದಲೇ ಕಡಿಮೆಯಾಗಿರುವ ನೀರಿನಲ್ಲಿ ಅಂಕವು ಬೇಗನೆ ಕುಸಿಯುವುದು. ಈ ಕಾರಣದಿಂದ ಮೊಟ್ಟೆಗಾಗಿ ಬಹಳ ಮೆದು ಮಾಡಿದ ನೀರನ್ನು ಮೊಟ್ಟೆಯಿಡುವ ಸಣ್ಣ ತೊಟ್ಟಿಗೆ ಮಾತ್ರ ಬಳಸಿ, ಮರಿಗಳು ಈಜಿ ಮೇವು ತಿನ್ನಲಾರಂಭಿಸಿದ ಮೇಲೆ ಅವುಗಳನ್ನು ಮೆಲ್ಲಗೆ ಸಾಧಾರಣ ನೀರಿಗೆ ಒಗ್ಗಿಸುವುದು ಉತ್ತಮವು.

ಒಂದು ನೀರಿನಿಂದ ಮತ್ತೊಂದಕ್ಕೆ ಮೀನನ್ನು ಬಿಡುವಾಗ ಆತುರಪಡಬಾರದು. ಪರಸ್ಥಳದಿಂದ ಬಂದ ಮೀನಿನ ಪಾತ್ರೆಗೆ ಸಣ್ಣ ಕೊಳವೆಯ ಮೂಲಕ ಹೊಸ ನೀರನ್ನು ತೊಟ್ಟುತೊಟ್ಟಾಗಿ ಒಂದೆರಡು ಗಂಟೆಗಳ ಕಾಲ ಬಿಡಬೇಕು. ತಾಯಿಮೀನುಗಳ ತೊಟ್ಟಿಯಲ್ಲಿ ಪಿ.ಎಚ್. ಅಂಕವು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳಬೇಕು.

9. ನಲ್ಲಿಯ ನೀರೂ ಕಲುಷಿತ ಬಾವಿಯ ನೀರೂ

ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ನು ಮೀನಿನ ಕಿವಿರುಗಳನ್ನು ಸುಡುವುದು. ಅಗಲವಾದ ತೊಟ್ಟಿಯಲ್ಲಿ 24 ಗಂಟೆಗಳವರೆಗೆ ಗಾಳಿಯಾಡಿಸಿದರೆ ಅದು ಬಹುಮಟ್ಟಿಗೆ ಹೋಗುವುದು. ತುರ್ತಾಗಿ ಬೇಕಾದಲ್ಲಿ, ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇರುವ 1,000 ಲೀಟರು ನೀರಿಗೆ 7 ಗ್ರಾಂ ಸೋಡಿಯಂ ಥಯೋಸಲ್ಫೇಟಿನ ಹರಳುಗಳನ್ನು ಕರಗಿಸಿ ಹಾಕಿದರೆ ಸಾಕು.

ಇದಕ್ಕಿಂತ ಗುರುತರವಾದುದು ಕಾರ್ಖಾನೆಗಳ ಸಮೀಪದ ಕೊಳವೆ ಬಾವಿಗಳ ವಿಷಯವು. ಪೀಣ್ಯದ ಅಂತರ್ಜಲದಲ್ಲಿ ಲೋಹಗಳಿಗೆ ಮೆರುಗಿನ ಲೇಪ ಕೊಡುವ ಕೆಲಸದಿಂದ ಬರುವಂತಹ ಕ್ರೋಮಿಯಂ ಇರುವುದು ಪರಿಶೋಧನೆಗಳಲ್ಲಿ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಮಾನಕವು ವಿಧಿಸುವುದು. ಇದು ರುಚಿಯಿಂದಾಗಲಿ, ಅಲ್ಪ ಪ್ರಮಾಣದಲ್ಲಿದ್ದರೆ ಬಣ್ಣದಿಂದಾಗಲಿ ತಿಳಿಯುವುದಿಲ್ಲ. ತೊಟ್ಟು ಔಷಧದ ಪೆಟ್ಟಿಗೆಯೂ ಅದನ್ನು ತೋರಿಸುವುದಿಲ್ಲ. ಕುದಿಸುವುದರಿಂದ ಅದು ಹೋಗುವುದಿಲ್ಲ, ಬಾದಾಮಿ ಎಲೆಯಿಂದಲೂ ಹೋಗುವುದಿಲ್ಲ. ಮಳೆನೀರನ್ನು ಸೇರಿಸಿ ತೆಳುಮಾಡಿದರೂ ವಿಷವು ವಿಷವೇ. ಆದಕಾರಣ ಲಗ್ಗೆರೆ, ಪೀಣ್ಯ ಮತ್ತು ಅದರ ನೆರೆಯ ಗ್ರಾಮಗಳಲ್ಲಿ ಈ ಉದ್ಯಮವನ್ನು ಆರಂಭಿಸುವವರು, ಒಂದು ಮೀನನ್ನು ಕೊಳ್ಳುವುದಕ್ಕೂ ಮುಂಚೆ ತಮ್ಮ ಬಾವಿಯ ನೀರನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಯಲ್ಲಿ ಲೋಹಗಳಿಗಾಗಿ ಪರೀಕ್ಷೆ ಮಾಡಿಸತಕ್ಕದ್ದು. ಲೋಹವಿದೆಯೆಂದು ತಿಳಿದರೆ ಆ ಬಾವಿಯನ್ನು ಬಿಟ್ಟು, ಮಳೆಯ ನೀರಿಗೆ ಕ್ಲೋರಿನ್ ತೆಗೆದ ನಲ್ಲಿಯ ನೀರನ್ನು ಬೆರೆಸಿ ಕೆಲಸ ಮಾಡಬೇಕು. ಮೀನಿಗಾಗಿ ಮಾಡಿಸಿದ ಈ ಪರೀಕ್ಷೆಯ ಫಲವು ಅದೇ ಬಾವಿಯ ನೀರನ್ನು ಕುಡಿಯುವ ಮಕ್ಕಳಿಗೂ ಸಂಬಂಧಪಟ್ಟುದೆಂಬುದನ್ನು ಗ್ರಾಮದ ಮುಖಂಡರು ಗಮನಿಸಬೇಕು. ಫಲಿತಾಂಶವನ್ನು ನೆರೆಹೊರೆಯವರಿಗೆ ತಿಳಿಸುವುದು ಅವರ ಕರ್ತವ್ಯವು.

10. ಕೆರೆಗಳ ರಕ್ಷಣೆ

ಮಾರಾಟವಾಗದ ಮೀನುಗಳನ್ನೂ ಮಿಕ್ಕ ಮರಿಗಳನ್ನೂ ಕೆರೆಗೆ ಬಿಡುವುದು ಪುಣ್ಯಕಾರ್ಯವೆಂದು ಕೆಲವರು ಭಾವಿಸುವರು. ಇದು ತಪ್ಪು. ಸೊಳ್ಳೆಗಳ ನಾಶಕ್ಕಾಗಿ 1928ರಲ್ಲಿ ಇಟಲಿಯಿಂದ ಇಂಡಿಯಾಕ್ಕೆ ತಂದ ಗ್ಯಾಂಬೂಸಿಯ ಎಂಬ ಮೀನು, ಸೊಳ್ಳೆಯ ಮರಿಗಳೊಡನೆ ನಾಡಮೀನಿನ ಮೊಟ್ಟೆಮರಿಗಳನ್ನೂ ತಿನ್ನುವುದೆಂಬುದು ಆಮೇಲೆ ತಿಳಿದುಬಂದಿತು. ತೊಟ್ಟಿಯ ಗಾಜನ್ನು ಶುಚಿಮಾಡುವುದೆಂದು ಮಾರುವ ಸಕ್ಕರ್ ಮೀನು ಈಗ ನಮ್ಮ ದೇಶದ ಅನೇಕ ಕೆರೆಹೊಳೆಗಳಲ್ಲಿ ನೆಲೆಯೂರಿ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಪರದೇಶದ ಯಾವ ಮೀನನ್ನೂ ಕೆರೆಗಾಗಲಿ, ಮಳೆನೀರಿನ ಚರಂಡಿಗಾಗಲಿ ಬಿಡಕೂಡದು. ತೊಟ್ಟಿಯ ನೀರನ್ನು ಹೊರಬಿಡುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಬೇಕು.

11. ಸಾರಾಂಶ

(1) ಮೀನನ್ನು ಕೊಳ್ಳುವುದಕ್ಕೆ ಮುಂಚೆ ನೀರಿನ ಗಡಸುತನ, ಕ್ಷಾರತೆ, ಪಿ.ಎಚ್. ಅಂಕಗಳನ್ನು ಅಳೆಯಬೇಕು, ಕಾರ್ಖಾನೆಗಳ ಸಮೀಪದಲ್ಲಿ ಲೋಹಗಳ ಪರೀಕ್ಷೆಯನ್ನೂ ಮಾಡಿಸಬೇಕು.
(2) ಗಡಸು ನೀರುಳ್ಳವರು ಮರಿಹಾಕುವ ಜಾತಿಗಳಿಂದ ಆರಂಭಿಸಬೇಕು.
(3) ಮೆದು ನೀರು ಬೇಕಾದಾಗ ಆಮ್ಲವನ್ನು ಹಾಕದೆ ಮಳೆಯ ನೀರನ್ನು ಲೆಕ್ಕಕ್ಕೆ ಸರಿಯಾಗಿ ಬೆರೆಸಬೇಕು.
(4) ಬೆರೆಸುವುದನ್ನು ಬೇರೆ ತೊಟ್ಟಿಯಲ್ಲಿ ಮಾಡಿ, ಒಂದು ದಿನ ಗಾಳಿಯಾಡಿಸಿ, ಅಳೆದು, ಆಮೇಲೆ ಉಪಯೋಗಿಸಬೇಕು.
(5) ಬದಲಾವಣೆಯನ್ನು ಮೆಲ್ಲಗೆ ಮಾಡಬೇಕು.
(6) ಅಳತೆಗಳನ್ನೂ ಮೊಟ್ಟೆಯಿಟ್ಟ ದಿನವನ್ನೂ ಉಳಿದ ಮರಿಗಳ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ವರ್ಷಗಳ ಇಂತಹ ಬರವಣಿಗೆಯು ಆ ಹಿತ್ತಲಿನ ನೀರಿಗೆ ಎಲ್ಲ ಪುಸ್ತಕಗಳಿಗಿಂತ ಹೆಚ್ಚಿನ ಗುರುವಾಗುವುದು.

ಹೆಚ್ಚಿನ ತಿಳಿವಳಿಕೆಯು ಬೇಕಾದವರು ಹೆಬ್ಬಾಳದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನಾಗಲಿ, ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನಾಗಲಿ ವಿಚಾರಿಸಬಹುದು. ಹಾಗೆ ಹೋಗುವಾಗ ತಮ್ಮ ನೀರನ್ನು ಅಳೆದ ಲೆಕ್ಕವನ್ನೂ ಒಂದು ಸೀಸೆಯಲ್ಲಿ ಆ ನೀರನ್ನೂ ತೆಗೆದುಕೊಂಡು ಹೋದರೆ ಸಲಹೆ ಕೊಡುವವರಿಗೂ ಪಡೆಯುವವರಿಗೂ ಅನುಕೂಲವಾಗುವುದು.